ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಹಿಂಬಾಲಿಸುವುದು ಹೇಗೆ: ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಪಕ್ಕದಲ್ಲೊಂದು ಪುಸ್ತಕ ಇಟ್ಟುಕೊಂಡು

2024ರ ಮಾರ್ಚ್ 15, ಶುಕ್ರವಾರ ರಾತ್ರಿ. ವಾಷಿಂಗ್ಟನ್‌ನಲ್ಲಿ ಎಸಿಸಿ ಅನ್ನುವ ಕಾಲೇಜು ಬಳಗದ ಟೂರ್ನಿಯ ಸೆಮಿಫೈನಲ್. ನಾನು ಓದಿದ ನಾರ್ತ್ ಕೆರೊಲಿನಾ ಸ್ಟೇಟ್ (ಎನ್‌ಸಿ ಸ್ಟೇಟ್) ಒಂದು ಕಡೆ, ವರ್ಜೀನಿಯಾ ಇನ್ನೊಂದು ಕಡೆ. ಆಟ ಮುಗಿಯಲು 5.3 ಸೆಕೆಂಡ್ ಇತ್ತು. ನಾವು 55, ಅವರು 58. ಅವರ ಹುಡುಗ ಫ್ರೀ ಥ್ರೋ (ಫೌಲ್ ಆದವನಿಗೆ ಸಿಗುವ, ಯಾರೂ ತಡೆಯದ, ಒಂದು ಪಾಯಿಂಟಿನ ಎಸೆತ) ಗೆರೆಯ ಹತ್ತಿರ ನಿಂತಿದ್ದ. ಒಂದು ಹಾಕಿದ್ದರೂ ನಮ್ಮ ಕಥೆ ಮುಗಿದಿತ್ತು. ನಾನು ಟಿವಿ ಆರಿಸಲು ರಿಮೋಟ್ ಹುಡುಕುತ್ತಿದ್ದೆ, ತೊಡೆಯ ಮೇಲೆ ಕಾದಂಬರಿ ಆಗಲೇ ತೆರೆದಿತ್ತು.

ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು. ನಮ್ಮ ಮೈಕಲ್ ಓಕಾನೆಲ್ ಅದನ್ನು ತಗೊಂಡು ಓಡಿದ, ದೂರದಿಂದಲೇ ಓಡುತ್ತಲೇ ಎಸೆದ. ಚೆಂಡು ಬೋರ್ಡಿಗೆ ತಾಗಿ ಒಳಗೆ ಬಿತ್ತು. ಬಜರ್ ಕೂಗಿತು. ದೂರದ ಎಸೆತಕ್ಕೆ ಮೂರು ಪಾಯಿಂಟ್, 58-58. ಹೆಚ್ಚುವರಿ ಸಮಯದಲ್ಲಿ ನಾವು 73-65ರಲ್ಲಿ ಗೆದ್ದೆವು. ಆ ಕಾದಂಬರಿ ಸೋಫಾದ ಸಂದಿಗೆ ಬಿದ್ದದ್ದು ನನಗೆ ಸಿಕ್ಕಿದ್ದು ಮೂರು ದಿನ ಆದ ಮೇಲೆ.

ಎಂಎಸ್ ಮಾಡಲು ಬರುವ ಹುಡುಗರು, ಮಕ್ಕಳ ಮನೆಗೆ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮಂದಿರು, ಊರಿನಲ್ಲೇ ಕೂತು ನೋಡುವ ನನ್ನ ತಮ್ಮ, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಇದನ್ನು ಎಲ್ಲಿಂದ ಶುರು ಮಾಡೋದು? 360ಕ್ಕೂ ಜಾಸ್ತಿ ತಂಡ, ದಿನಕ್ಕೆ ಹತ್ತಾರು ಪಂದ್ಯ, ತಲೆ ಬುಡ ಗೊತ್ತಾಗಲ್ಲ ಅಂತ. ನನ್ನ ಉತ್ತರ ಸರಳ. ದಪ್ಪ ಕಾದಂಬರಿ ಓದುವ ಹಾಗೆ ನೋಡಿ. ಒಂದೇ ತಂಡ ಹಿಡಿಯಿರಿ, ಮೊದಲ ಪುಟದಿಂದ ಹಿಡಿಯಿರಿ, ನಡುವೆ ಬೇಜಾರಾದರೂ ಬಿಡಬೇಡಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಮೊದಲು ಕ್ಯಾಲೆಂಡರ್ ಅರ್ಥ ಮಾಡಿಕೊಳ್ಳಿ

ಸೀಸನ್ ನವೆಂಬರ್ ಮೊದಲ ವಾರ ಶುರುವಾಗುತ್ತದೆ. ಡಿಸೆಂಬರ್ ಕೊನೆಯವರೆಗೆ ಕಂಡಕಂಡವರ ಜೊತೆ ಆಟ. ದೊಡ್ಡ ತಂಡಗಳು ಸಣ್ಣ ಕಾಲೇಜುಗಳನ್ನು ಮನೆಗೆ ಕರೆದು ನಲವತ್ತು ಪಾಯಿಂಟ್‌ನಿಂದ ಸೋಲಿಸಿ ಕಳಿಸುತ್ತವೆ. ಇವನ್ನೆಲ್ಲ ನೋಡಲೇಬೇಕು ಅಂತಿಲ್ಲ. ಆಟಗಾರರ ಮುಖ ಪರಿಚಯ ಆದರೆ ಸಾಕು.

ಜನವರಿ, ಫೆಬ್ರವರಿ ಕಾನ್ಫರೆನ್ಸ್ ಆಟಗಳ ಕಾಲ. ಕಾನ್ಫರೆನ್ಸ್ ಅಂದರೆ ಒಂದೇ ಬಳಗದ ಕಾಲೇಜುಗಳು. ನಮ್ಮದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ. 2024ರಿಂದ ಅದರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಕೂಡ ಇವೆ. ಪೆಸಿಫಿಕ್ ತೀರದ ಕಾಲೇಜುಗಳಿಗೆ ಅಟ್ಲಾಂಟಿಕ್ ಬಳಗದಲ್ಲಿ ಏನು ಕೆಲಸ ಅಂತ ಕೇಳಬೇಡಿ. ಎಲ್ಲ ಟಿವಿ ದುಡ್ಡು.

ಮಾರ್ಚ್ ಮೊದಲ ಎರಡು ವಾರಗಳಲ್ಲಿ ಪ್ರತಿ ಕಾನ್ಫರೆನ್ಸ್ ತನ್ನದೇ ಟೂರ್ನಿ ನಡೆಸುತ್ತದೆ. ಗೆದ್ದವರಿಗೆ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ದೊಡ್ಡ ಟೂರ್ನಿಗೆ ನೇರ ಟಿಕೆಟ್. ಉಳಿದ ಜಾಗಗಳನ್ನು ಒಂದು ಸಮಿತಿ ತುಂಬುತ್ತದೆ. 2025ರಲ್ಲಿ ಪುರುಷರ ಟೂರ್ನಿಗೆ ಬಂದ 68 ತಂಡಗಳಲ್ಲಿ 31 ಹೀಗೆ ನೇರವಾಗಿ ಬಂದವು, 37 ಸಮಿತಿ ಆರಿಸಿದವು. ಆ ಪಟ್ಟಿ ಹೊರಬೀಳುವ ಭಾನುವಾರಕ್ಕೆ ಸೆಲೆಕ್ಷನ್ ಸಂಡೇ ಅಂತ ಹೆಸರು. ಆಮೇಲೆ ಮೂರು ವಾರ ಎಲ್ಲ ನಾಕೌಟ್. ಒಂದು ಸೋಲು, ಮನೆಗೆ. ಏಪ್ರಿಲ್ ಶುರುವಿನ ಒಂದು ಸೋಮವಾರ ರಾತ್ರಿ ಪುರುಷರ ಫೈನಲ್.

ಮೊದಲ ಟೂರ್ನಿ ನಡೆದದ್ದು 1939ರಲ್ಲಿ, ಬರೀ 8 ತಂಡ. 64 ಆದದ್ದು 1985ರಲ್ಲಿ, 68 ಆದದ್ದು 2011ರಲ್ಲಿ. ಮಧ್ಯದ ಒಂದು ತಿರುವಿನಲ್ಲಿ ನಮ್ಮ ಕಾಲೇಜಿಗೂ ಪಾತ್ರವಿದೆ. ಆಗ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡಕ್ಕೆ ಪ್ರವೇಶ. 1974ರ ಎಸಿಸಿ ಫೈನಲ್‌ನಲ್ಲಿ ಎನ್‌ಸಿ ಸ್ಟೇಟ್ ಮೇರಿಲ್ಯಾಂಡನ್ನು 103-100ಕ್ಕೆ, ಅದೂ ಹೆಚ್ಚುವರಿ ಸಮಯದಲ್ಲಿ ಸೋಲಿಸಿತು. ದೇಶದ ಅತಿ ಒಳ್ಳೆಯ ತಂಡಗಳಲ್ಲಿ ಒಂದಾದ ಮೇರಿಲ್ಯಾಂಡ್ ಸುಮ್ಮನೆ ಮನೆಗೆ ಹೋಗಬೇಕಾಯಿತು. ಮರುವರ್ಷವೇ ಟೂರ್ನಿ 32 ತಂಡಗಳಿಗೆ ಹಿಗ್ಗಿತು, ಒಂದೇ ಕಾನ್ಫರೆನ್ಸ್‌ನಿಂದ ಇನ್ನೊಂದು ತಂಡಕ್ಕೂ ಬಾಗಿಲು ತೆರೆಯಿತು.

ಹೆಜ್ಜೆ 2: ಒಂದೇ ಒಂದು ತಂಡ ಆರಿಸಿಕೊಳ್ಳಿ

ಇಲ್ಲೇ ಜಾಸ್ತಿ ಜನ ಎಡವುವುದು. ಕಳೆದ ವರ್ಷ ಗೆದ್ದವರು ಯಾರು ಅಂತ ನೋಡಿ ಅವರ ಟೀಶರ್ಟ್ ತಗೊಳ್ಳುತ್ತಾರೆ. ಮರುವರ್ಷ ಅಂಗಿ ಬದಲಾಗುತ್ತದೆ. ಹಾಗೆ ಮಾಡಬೇಡಿ.

ನೀವೋ ನಿಮ್ಮವರೋ ಓದಿದ ಕಾಲೇಜು ಇದ್ದರೆ ಅದೇ ನಿಮ್ಮ ತಂಡ, ಚರ್ಚೆ ಬೇಡ. ಅಂಥ ನಂಟು ಇಲ್ಲದಿದ್ದರೆ ನೀವಿರುವ ಊರಿನ ಹತ್ತಿರದ್ದು. ಅದೂ ಇಲ್ಲ, ನೀವಿರುವುದು ಹಾಸನದಲ್ಲಿ ಅಂದರೆ, ಎದುರಾಳಿ ಹತ್ತಿರದಲ್ಲೇ ಇರುವ ತಂಡ ಹುಡುಕಿ. ವೈರ ಇದ್ದರೆ ಕಥೆ ತಾನಾಗಿ ಓಡುತ್ತದೆ.

ನಾನಿರುವ ಕಡೆ ಅದಕ್ಕೇನೂ ಬರವಿಲ್ಲ. ನನ್ನ ಊರು ರಾಲಿಯ ಪಕ್ಕದ ಕ್ಯಾರಿ. ಇಲ್ಲಿನ ಕನ್ನಡದವರ ಬಾಯಲ್ಲಿ ಅದು 'ಕೇರಿ'. ಹೆಸರೂ ಸರಿಯಾಗಿಯೇ ಇದೆ. ರಾಲಿಯಲ್ಲಿ ಎನ್‌ಸಿ ಸ್ಟೇಟ್, ಕೆಂಪು ಬಣ್ಣ. ಡರಮ್‌ನಲ್ಲಿ ಡ್ಯೂಕ್, ಗಾಢ ನೀಲಿ. ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕೆರೊಲಿನಾ, ತಿಳಿ ನೀಲಿ. ಡ್ಯೂಕ್‌ಗೂ ಚಾಪೆಲ್ ಹಿಲ್‌ಗೂ ಹತ್ತು ಮೈಲಿಯ ಅಂತರ. ಡ್ಯೂಕ್‌ನ ಕ್ಯಾಮರನ್ ಇಂಡೋರ್ ಸ್ಟೇಡಿಯಂ 1940ರದ್ದು, ಹಿಡಿಸುವುದು 9,314 ಜನ. ಚಾಪೆಲ್ ಹಿಲ್ ಪಂದ್ಯಕ್ಕೆ ಟಿಕೆಟ್ ಬೇಕು ಅಂತ ವಿದ್ಯಾರ್ಥಿಗಳು ಚಳಿಗಾಲದಲ್ಲಿ ವಾರಗಟ್ಟಲೆ ಹೊರಗೆ ಟೆಂಟ್ ಹಾಕಿ ಮಲಗುತ್ತಾರೆ. ಇಬ್ಬರೂ ದೊಡ್ಡ ಟೂರ್ನಿಯಲ್ಲಿ ಮೊದಲ ಬಾರಿ ಎದುರಾದದ್ದು 2022ರ ಏಪ್ರಿಲ್ 2ರಂದು, ನ್ಯೂ ಆರ್ಲಿಯನ್ಸ್‌ನ ಸೆಮಿಫೈನಲ್‌ನಲ್ಲಿ. ಡ್ಯೂಕ್‌ನಲ್ಲಿ 42 ಸೀಸನ್ ಕೋಚ್ ಆಗಿದ್ದ ಮೈಕ್ ಶಶೆಫ್ಸ್ಕಿ ಆ ವರ್ಷ ನಿವೃತ್ತಿ ಅಂತ ಮೊದಲೇ ಹೇಳಿದ್ದರು. ಚಾಪೆಲ್ ಹಿಲ್ 81-77ಕ್ಕೆ ಗೆದ್ದಿತು. ಅದೇ ಅವರ ಕೊನೆಯ ಪಂದ್ಯವಾಯಿತು. ಡರಮ್‌ನಲ್ಲಿ ಈ ಮಾತು ತೆಗೆಯಬೇಡಿ.

ನಮ್ಮ ಕೆಂಪು ಅಂಗಿಯವರು ಈ ಜಗಳದಲ್ಲಿ ಮೂರನೆಯವರು. ದೊಡ್ಡ ಟೂರ್ನಿಯಲ್ಲಿ ನಮ್ಮ ಕಪ್ ಎರಡೇ, 1974 ಮತ್ತು 1983. ಎಸಿಸಿ ಟೂರ್ನಿ ಗೆದ್ದದ್ದು 1987ರಲ್ಲಿ, ಆಮೇಲೆ 37 ವರ್ಷ ಏನೂ ಇಲ್ಲ. 'ಈ ಸಲ ಕಪ್ ನಮ್ದೇ' ಅಂತ 18 ಸೀಸನ್ ಕೂಗಿದವರಿಗೆ ನಮ್ಮ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾತು. ಮಹಿಳೆಯರ ತಂಡವನ್ನು ಬಿಡಬೇಡಿ. 2024ರ ಮಹಿಳಾ ಫೈನಲ್‌ನಲ್ಲಿ ಸೌತ್ ಕೆರೊಲಿನಾ, ಆಗಿನ ದೊಡ್ಡ ತಾರೆ ಕೇಟ್ಲಿನ್ ಕ್ಲಾರ್ಕ್ ಇದ್ದ ಅಯೋವಾ ತಂಡವನ್ನು 87-75ಕ್ಕೆ ಸೋಲಿಸಿ, 38 ಪಂದ್ಯಗಳಲ್ಲಿ ಒಂದೂ ಸೋಲದೆ ಸೀಸನ್ ಮುಗಿಸಿತು. ಟಿವಿಯಲ್ಲಿ ಆ ಪಂದ್ಯ ನೋಡಿದವರು ಪುರುಷರ ಫೈನಲ್ ನೋಡಿದವರಿಗಿಂತ ಜಾಸ್ತಿ. ಒಂದೇ ಕಾಲೇಜಿನ ಎರಡೂ ತಂಡ ಹಿಡಿದರೆ ಒಂದು ಸೋತ ವಾರ ಇನ್ನೊಂದು ಗೆದ್ದಿರುತ್ತದೆ. ಮನಸ್ಸಿಗೆ ಒಳ್ಳೆಯದು.

ಹೆಜ್ಜೆ 3: ನಿಯಮ ಕಲಿಯಿರಿ, ಆದರೆ ಬೇಕಾದಷ್ಟೇ

ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನೋಡಿ ಗೊತ್ತಿದ್ದರೆ ವ್ಯತ್ಯಾಸಗಳನ್ನಷ್ಟೇ ತಿಳಿದುಕೊಂಡರೆ ಸಾಕು. ಪುರುಷರ ಆಟ 20 ನಿಮಿಷದ ಎರಡು ಅರ್ಧ. ಮಹಿಳೆಯರದ್ದು 10 ನಿಮಿಷದ ನಾಲ್ಕು ಭಾಗ. ಐದು ಫೌಲ್ ಆದರೆ ಆಟಗಾರ ಹೊರಗೆ, ಎನ್‌ಬಿಎಯಲ್ಲಾದರೆ ಆರು. ಚೆಂಡು ಕೈಗೆ ಬಂದ 30 ಸೆಕೆಂಡಿನೊಳಗೆ ಎಸೆಯಬೇಕು, ಎನ್‌ಬಿಎಯಲ್ಲಿ 24. ಇಬ್ಬರೂ ಚೆಂಡು ಹಿಡಿದು ಎಳೆದಾಡಿದರೆ ಮತ್ತೆ ಜಂಪ್ ಬಾಲ್ ಇಲ್ಲ, ಸ್ಕೋರರ್ ಮೇಜಿನ ಮೇಲಿರುವ ಬಾಣ ಯಾರ ಕಡೆ ತೋರಿಸುತ್ತದೋ ಅವರಿಗೆ ಚೆಂಡು.

ಈ 30 ಸೆಕೆಂಡಿನ ಗಡಿಯಾರದ ಹಿಂದೆ ಒಂದು ಕಥೆ ಇದೆ. ಮೊದಲು ಇಂಥದ್ದು ಇರಲೇ ಇಲ್ಲ. ಮುಂದಿರುವ ತಂಡ ಚೆಂಡನ್ನು ತಮ್ಮತಮ್ಮಲ್ಲೇ ತಿರುಗಿಸುತ್ತ ಹೊತ್ತು ಕಳೆಯಬಹುದಿತ್ತು. 1968ರ ಎಸಿಸಿ ಸೆಮಿಫೈನಲ್‌ನಲ್ಲಿ ಎನ್‌ಸಿ ಸ್ಟೇಟ್ ಡ್ಯೂಕನ್ನು ಸೋಲಿಸಿದ್ದು 12-10ಕ್ಕೆ. ಇದು ಅಚ್ಚಿನ ತಪ್ಪಲ್ಲ, ಇಡೀ ಪಂದ್ಯದ ಸ್ಕೋರ್! ದುಡ್ಡು ಕೊಟ್ಟು ಬಂದವರ ಮುಖ ನೆನೆಸಿಕೊಳ್ಳಿ. ಕೊನೆಗೆ 1985-86ರಿಂದ ದೇಶದ ಎಲ್ಲ ಪುರುಷರ ತಂಡಗಳಿಗೂ 45 ಸೆಕೆಂಡಿನ ಗಡಿಯಾರ ಬಂತು. 1993-94ರಲ್ಲಿ 35 ಆಯಿತು, 2015-16ರಲ್ಲಿ 30.

ಎಲ್ಲಕ್ಕಿಂತ ಮುಖ್ಯವಾದದ್ದು 'ಒನ್ ಅಂಡ್ ಒನ್'. ಪುರುಷರ ಆಟದಲ್ಲಿ ಒಂದು ಅರ್ಧದಲ್ಲಿ ಒಂದು ತಂಡದ ಏಳನೇ ಫೌಲ್‌ನಿಂದ ಹಿಡಿದು, ಎಸೆಯುತ್ತಿಲ್ಲದವನಿಗೆ ಫೌಲ್ ಆದರೂ ಅವನಿಗೆ ಒಂದು ಫ್ರೀ ಥ್ರೋ ಸಿಗುತ್ತದೆ. ಅದು ಬಿದ್ದರೆ ಎರಡನೆಯದು. ಬೀಳದಿದ್ದರೆ ಎರಡನೆಯದು ಇಲ್ಲ, ಚೆಂಡು ಯಾರಿಗೆ ಸಿಕ್ಕಿತೋ ಅವರದ್ದು. ಹತ್ತನೇ ಫೌಲ್‌ನಿಂದ ನೇರ ಎರಡು. ಮಹಿಳೆಯರ ಆಟದಲ್ಲಿ ಈ ಅರ್ಧಂಬರ್ಧ ವ್ಯವಹಾರ ಇಲ್ಲ, ಪ್ರತಿ ಭಾಗದ ಐದನೇ ಫೌಲ್‌ನಿಂದ ಎರಡು ಎಸೆತ.

ಈಗ ಮೊದಲು ಹೇಳಿದ 5.3 ಸೆಕೆಂಡಿಗೆ ವಾಪಸ್ ಹೋಗಿ. ವರ್ಜೀನಿಯಾದ ಹುಡುಗನಿಗೆ ಇದ್ದದ್ದು ಈ ಒನ್ ಅಂಡ್ ಒನ್. ನೇರ ಎರಡು ಎಸೆತ ಇದ್ದಿದ್ದರೆ, ಮೊದಲನೆಯದು ಹೋದರೂ ಎರಡನೆಯದನ್ನು ಹಾಕಿ ಅಂತರ ನಾಲ್ಕು ಮಾಡುತ್ತಿದ್ದ. ಅಲ್ಲಿಗೆ ಆಟ ಮುಗಿಯಿತು, ಮೂರು ಪಾಯಿಂಟ್‌ನ ಎಸೆತದಿಂದ ಏನೂ ಆಗುತ್ತಿರಲಿಲ್ಲ. ಫೌಲ್ ಎಣಿಕೆ ಟಿವಿ ಪರದೆಯ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಕೊನೆಯ ಐದು ನಿಮಿಷ ಕಣ್ಣು ಅಲ್ಲೇ ಇರಲಿ.

ಹೆಜ್ಜೆ 4: ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ

ಹೊಸಬರು ಚೆಂಡನ್ನೇ ನೋಡುತ್ತಾರೆ. ಆಟ ಇರುವುದು ಚೆಂಡು ಇಲ್ಲದ ಕಡೆ. ಮೊದಲ ನಾಲ್ಕು ನಿಮಿಷ ಒಂದೇ ಕೆಲಸ ಮಾಡಿ: ನಿಮ್ಮ ತಂಡದ ಒಬ್ಬನನ್ನು ಹಿಡಿದು ಅವನನ್ನೇ ಹಿಂಬಾಲಿಸಿ. ಅವನನ್ನು ಯಾರು ಕಾಯುತ್ತಿದ್ದಾರೆ? ಚೆಂಡು ಆ ಕಡೆ ಇದ್ದಾಗ ಇವನು ಏನು ಮಾಡುತ್ತಾನೆ? ಸುಮ್ನೆ ನಿಂತಿರುತ್ತಾನಾ, ಯಾರಿಗಾದರೂ ಅಡ್ಡ ನಿಂತು ದಾರಿ ಮಾಡಿಕೊಡುತ್ತಾನಾ?

ನಾನು ಇದನ್ನು ಕಲಿತದ್ದು ಡಿಜೆ ಬರ್ನ್ಸ್ ಅನ್ನುವ ನಮ್ಮ ದೈತ್ಯನನ್ನು ನೋಡಿ. ಆರಡಿ ಒಂಬತ್ತಿಂಚು ಎತ್ತರ, 275 ಪೌಂಡ್ ತೂಕ, ಎಡಗೈಯವ. ಜಿಗಿತ ಅಂತ ಹೇಳಿಕೊಳ್ಳುವಂಥದ್ದೇನಿಲ್ಲ. ರಿಂಗಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಚೆಂಡು ಕೈಗೆ ಬಂದರೆ ಒಂದು ನೆಲಕ್ಕೆ ಬಡಿತ, ಹಿಂದಿರುವವನಿಗೆ ಬೆನ್ನಿನಿಂದ ಒಂದು ಒತ್ತು. ಮತ್ತೊಂದು ಬಡಿತ, ಮತ್ತೊಂದು ಒತ್ತು. ಬಾಗಿಲಿಗೆ ಬೀರು ತಳ್ಳಿದ ಹಾಗೆ. ರಿಂಗು ಹತ್ತಿರ ಆದ ಮೇಲೆ ಮೆಲ್ಲಗೆ ತಿರುಗಿ, ಎಡಗೈ ಎತ್ತಿ, ಹಗುರವಾಗಿ ಒಳಗೆ ಇಡುತ್ತಿದ್ದ. ಎದುರಾಳಿಗಳು ಇಬ್ಬರನ್ನು ಕಳಿಸಿದರೆ ಖಾಲಿ ಬಿದ್ದವನಿಗೆ ಪಾಸ್. ಅವನ ಒಂದು ಭುಜ ಕೆಳಗಾದರೆ ಎಸೆತ, ತಲೆ ಎತ್ತಿದರೆ ಪಾಸ್ ಅಂತ ಮಾರ್ಚ್ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಡ್ಯೂಕ್‌ನವರಿಗೆ ಮಾತ್ರ ಗೊತ್ತಾಗಲಿಲ್ಲ. 2024ರ ದೊಡ್ಡ ಟೂರ್ನಿಯಲ್ಲಿ, ಡಲ್ಲಸ್‌ನಲ್ಲಿ ಅವರ ಮೇಲೆ ಅವನು ಹಾಕಿದ್ದು 29 ಪಾಯಿಂಟ್.

ಆಟ ಮುಗಿದ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ. ಬರೀ ಸ್ಕೋರ್ ನೋಡಿದರೆ ತಂಡ ಚೆನ್ನಾಗಿ ಆಡಿತಾ, ಬೇಗ ಬೇಗ ಆಡಿತಾ ಅಂತ ತಿಳಿಯುವುದಿಲ್ಲ. ಎಷ್ಟು ಸಲ ಚೆಂಡು ಕೈಗೆ ಬಂತು, ಪ್ರತಿ ಸಲಕ್ಕೆ ಎಷ್ಟು ಪಾಯಿಂಟ್ ಬಂತು ಅಂತ ನೋಡಬೇಕು. ಬಾಕ್ಸ್ ಸ್ಕೋರ್‌ನಲ್ಲಿ, ಅಂದರೆ ಪಂದ್ಯದ ಅಂಕಿಪಟ್ಟಿಯಲ್ಲಿ, ನಾಲ್ಕು ಅಂಕಿ ತಗೊಳ್ಳಿ. ಫ್ರೀ ಥ್ರೋ ಬಿಟ್ಟು ಉಳಿದ ಎಸೆತಗಳ ಸಂಖ್ಯೆಯಿಂದ ಆಫೆನ್ಸಿವ್ ರಿಬೌಂಡ್ (ತಪ್ಪಿದ ಎಸೆತವನ್ನು ಅದೇ ತಂಡ ಮತ್ತೆ ಹಿಡಿದದ್ದು) ಕಳೆಯಿರಿ, ಟರ್ನೋವರ್ (ಎಸೆಯದೆಯೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋಗಳ ಅರ್ಧಕ್ಕಿಂತ ಚೂರು ಕಡಿಮೆ, ಅಂದರೆ 0.475ರಷ್ಟು ಕೂಡಿಸಿ.

ಉದಾಹರಣೆಗೆ 60 ಎಸೆತ, 10 ಆಫೆನ್ಸಿವ್ ರಿಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಅಂತಿಟ್ಟುಕೊಳ್ಳಿ. 60ರಿಂದ 10 ಹೋದರೆ 50, ಅದಕ್ಕೆ 12 ಸೇರಿಸಿ 62, ಅದಕ್ಕೆ 9.5. ಒಟ್ಟು 71.5 ಸರದಿ. ಸ್ಕೋರ್ 75 ಆಗಿದ್ದರೆ ಸರದಿಗೆ ಸುಮಾರು 1.05 ಪಾಯಿಂಟ್. ಒಂದಕ್ಕಿಂತ ಮೇಲಿದ್ದರೆ ಪರವಾಗಿಲ್ಲ, 1.15 ದಾಟಿದರೆ ಭರ್ಜರಿ, 0.9ಕ್ಕೆ ಇಳಿದರೆ ಆ ದಿನ ಏನೋ ಕೆಟ್ಟಿತ್ತು. ಕೆನ್ ಪೊಮರಾಯ್ ಅನ್ನುವವರು ಇದೇ ಲೆಕ್ಕವನ್ನು 100 ಸರದಿಗೆ ಹಾಕಿ, ಎದುರಾಳಿ ಎಷ್ಟು ಗಟ್ಟಿ ಅನ್ನುವುದನ್ನೂ ಸೇರಿಸಿ ಎಲ್ಲ ತಂಡಗಳಿಗೂ ರ‍್ಯಾಂಕ್ ಕೊಡುತ್ತಾರೆ. ಅಭಿಮಾನಿಗಳು ಅದನ್ನು 'ಕೆನ್‌ಪಾಮ್' ಅನ್ನುತ್ತಾರೆ. ಪತ್ರಕರ್ತರು ಪ್ರತಿ ಸೋಮವಾರ ಮತ ಹಾಕಿ ಆರಿಸುವ ಟಾಪ್ 25 ಪಟ್ಟಿಗಿಂತ ನನಗೆ ಇದರ ಮೇಲೇ ನಂಬಿಕೆ.

ಹೆಜ್ಜೆ 5: ಟೈಮ್‌ಔಟ್‌ನಲ್ಲಿ ಓದಿ

ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಟಿವಿಯಲ್ಲಿ ಬರುವ ಕಾಲೇಜು ಪಂದ್ಯದಲ್ಲಿ ಜಾಹೀರಾತಿಗೆ ಅಂತಲೇ ನಿಲುಗಡೆಗಳಿವೆ. ಪ್ರತಿ ಅರ್ಧದಲ್ಲೂ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಚೆಂಡು ನಿಂತ ಕೂಡಲೇ ಒಂದು ಬ್ರೇಕ್. ಒಟ್ಟು ಎಂಟು. ಜೊತೆಗೆ ಕೋಚ್‌ಗಳ ಟೈಮ್‌ಔಟ್, ನಡುವೆ 15 ನಿಮಿಷದ ಹಾಫ್‌ಟೈಮ್. ಹೀಗಾಗಿ 40 ನಿಮಿಷದ ಆಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಇದೇ ಕಾರು, ಇದೇ ಇನ್ಶೂರೆನ್ಸ್, ಇದೇ ಬರ್ಗರ್ ಅಂತ ಎಂಟು ಸಲ ನೋಡುವ ಬದಲು ಮ್ಯೂಟ್ ಮಾಡಿ ಪುಸ್ತಕ ತೆಗೆಯಿರಿ. ನನಗೆ ಒಂದು ಪಂದ್ಯಕ್ಕೆ ಹದಿನೈದು ಇಪ್ಪತ್ತು ಪುಟ ಆಗುತ್ತದೆ. ಸೀಸನ್‌ಗೆ ಮೂವತ್ತು ಚಿಲ್ಲರೆ ಪಂದ್ಯ. ಲೆಕ್ಕ ಹಾಕಿ.

ಎಲ್ಲ ಪುಸ್ತಕವೂ ಇದಕ್ಕೆ ಆಗಿಬರುವುದಿಲ್ಲ. ಪತ್ತೇದಾರಿ ಬೇಡ, ಒಳಗೆ ಎಳೆದುಕೊಂಡರೆ ಆಟ ತಪ್ಪುತ್ತದೆ. ಕವಿತೆ ಆಗುತ್ತದೆ, ಒಂದು ಬ್ರೇಕ್‌ಗೆ ಒಂದು. ಪ್ರಬಂಧ, ಪತ್ರಗಳು, ಆತ್ಮಕಥೆ ಸರಿಯಾಗಿ ಕೂರುತ್ತವೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ತಂದ ಕನ್ನಡ ಪುಸ್ತಕಗಳಲ್ಲಿ ಅರ್ಧದಷ್ಟನ್ನು ನಾನು ಓದಿದ್ದು ಹೀಗೆಯೇ. ಈಗ ಕೈಯಲ್ಲಿರುವುದು ಒಂದು ಹಳೆಯ ಪ್ರಬಂಧ ಸಂಕಲನ. ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ '2ನೇ ಅರ್ಧ, 7:41, ಆರು ಪಾಯಿಂಟ್ ಹಿಂದೆ' ಅಂತೆಲ್ಲ ಬರೆದಿದ್ದೇನೆ. ಮುಂದೆ ಯಾರಿಗಾದರೂ ಆ ಪ್ರತಿ ಸಿಕ್ಕಿದರೆ ತಲೆ ಕೆರೆದುಕೊಳ್ಳುತ್ತಾರೆ.

ಆಟದ ಬಗ್ಗೆಯೇ ಓದಬೇಕು ಅನ್ನಿಸಿದರೆ ಎರಡು ಹೇಳುತ್ತೇನೆ. ಮೊದಲನೆಯದು ಜಾನ್ ಮೆಕ್‌ಫೀ 1965ರಲ್ಲಿ ಬರೆದ 'ಎ ಸೆನ್ಸ್ ಆಫ್ ವೇರ್ ಯು ಆರ್'. ಪ್ರಿನ್ಸ್‌ಟನ್‌ನಲ್ಲಿ ಆಡುತ್ತಿದ್ದ ಬಿಲ್ ಬ್ರಾಡ್ಲಿಯ ಬಗ್ಗೆ. ಅದೇ ಬ್ರಾಡ್ಲಿ ಮುಂದೆ ನ್ಯೂಜೆರ್ಸಿಯ ಸೆನೆಟರ್ ಆದರು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಗೊತ್ತಿಲ್ಲದ ಒಂದು ಜಿಮ್‌ನಲ್ಲಿ ಬ್ರಾಡ್ಲಿ ಅಭ್ಯಾಸ ಮಾಡುತ್ತಾ ಎಸೆತ ಮೇಲಿಂದ ಮೇಲೆ ತಪ್ಪಿದಾಗ, ರಿಂಗು ಒಂದೂವರೆ ಇಂಚು ಕೆಳಗಿದೆ ಅನ್ನುತ್ತಾರೆ. ಮೆಕ್‌ಫೀ ಆಮೇಲೆ ಏಣಿ ಹಾಕಿ ಅಳೆದರೆ ಹತ್ತಡಿಗೆ ಒಂದಿಂಚಿಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆ ಇತ್ತು! ಅಳೆದದ್ದೂ ಅಷ್ಟೇ ಚೆಂದ. ಬರೆಯುವವರು ಹೀಗಿರಬೇಕು.

ಎರಡನೆಯದು ಜಾನ್ ಫೈನ್‌ಸ್ಟೀನ್ 1986ರಲ್ಲಿ ಬರೆದ 'ಎ ಸೀಸನ್ ಆನ್ ದ ಬ್ರಿಂಕ್'. ಇಂಡಿಯಾನಾದ ಕೋಚ್ ಬಾಬಿ ನೈಟ್ ಜೊತೆ ಇಡೀ 1985-86ರ ಸೀಸನ್ ಕಳೆದು ಬರೆದದ್ದು. ಆ ವರ್ಷ ಇಂಡಿಯಾನಾ ಮೊದಲ ಸುತ್ತಿನಲ್ಲೇ ಕ್ಲೀವ್‌ಲ್ಯಾಂಡ್ ಸ್ಟೇಟ್ ಅನ್ನುವ ಸಣ್ಣ ತಂಡಕ್ಕೆ ಸೋತಿತು. ಕಪ್ ಗೆದ್ದದ್ದು ಮರುವರ್ಷ, ಪುಸ್ತಕ ಬಂದ ಮೇಲೆ. ಒಂದು ವರ್ಷ ತಡವಾಗಿ ಹೋಗಿದ್ದರೆ ಅದು ಗೆದ್ದವರ ಕಥೆ ಆಗುತ್ತಿತ್ತು, ನಾನು ಬಹುಶಃ ಓದುತ್ತಿರಲಿಲ್ಲ.

ಪಕ್ಕದಲ್ಲಿ ಒಂದು ನೋಟ್‌ಬುಕ್ಕೂ ಇರಲಿ. ಪಂದ್ಯಕ್ಕೆ ಒಂದೇ ಸಾಲು: ತಾರೀಕು, ಸ್ಕೋರ್, ಕಣ್ಣಿಗೆ ಕಟ್ಟಿದ ಒಂದು ವಿಷಯ. ಅದಕ್ಕಿಂತ ಜಾಸ್ತಿ ಬರೆಯಲು ಹೋದರೆ ಜನವರಿಯಲ್ಲಿ ನಿಲ್ಲಿಸುತ್ತೀರಿ. ನಾನು ಎರಡು ಸಲ ನಿಲ್ಲಿಸಿದ್ದೇನೆ.

ಹೆಜ್ಜೆ 6: ಬ್ರಾಕೆಟ್ ತುಂಬುವುದು

ಸೆಲೆಕ್ಷನ್ ಸಂಡೇ ಸಂಜೆ 68 ತಂಡಗಳ ಚಾರ್ಟ್ ಹೊರಬರುತ್ತದೆ. ಅದೇ ಬ್ರಾಕೆಟ್. ನಾಲ್ಕು ರೀಜನ್ ಅಂದರೆ ಗುಂಪು, ಪ್ರತಿಯೊಂದರಲ್ಲೂ 1ರಿಂದ 16ರವರೆಗೆ ಸೀಡ್, ಅಂದರೆ ಸಮಿತಿ ಕೊಟ್ಟ ಶ್ರೇಯಾಂಕ; 1 ಅಂದರೆ ಅತಿ ಗಟ್ಟಿ ತಂಡ. ಕೊನೆಯ ನಾಲ್ಕು ಜಾಗಕ್ಕೆ ಮಂಗಳವಾರ, ಬುಧವಾರ ಒಹಾಯೋದ ಡೇಟನ್‌ನಲ್ಲಿ ಎಂಟು ತಂಡ ಆಡುತ್ತವೆ. ಗುರುವಾರ ಮಧ್ಯಾಹ್ನ ನಿಜವಾದ ಹಬ್ಬ ಶುರು. ಆಫೀಸಿನಲ್ಲಿ, ದೇವಸ್ಥಾನದ ವಾಲಂಟಿಯರ್ ಗುಂಪಿನಲ್ಲಿ, ಎಲ್ಲ ಕಡೆ ಬ್ರಾಕೆಟ್ ಪೈಪೋಟಿ. ಡೇಟನ್‌ನವು ಬಿಟ್ಟು ಉಳಿದ 63 ಪಂದ್ಯಕ್ಕೂ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆದು ಕೊಡಬೇಕು.

ಎಲ್ಲವೂ ಸರಿಯಾಗುವ ಆಸೆ ಬಿಡಿ. ಕಣ್ಣು ಮುಚ್ಚಿ ತುಂಬಿದರೆ ಸಾಧ್ಯತೆಗಳು 2ನ್ನು 63 ಸಲ ಗುಣಿಸಿದಷ್ಟು: 92,23,37,20,36,85,47,75,808. ಬೇಕಾದ್ದು ಪಕ್ಕದ ಮೇಜಿನವನಿಗಿಂತ ಒಂದು ಪಾಯಿಂಟ್ ಜಾಸ್ತಿ, ಅಷ್ಟೇ.

ಹೀಗೆ ಮಾಡಿ. ಎಡದಿಂದ ಶುರು ಮಾಡಬೇಡಿ, ಮಧ್ಯದಿಂದ ಶುರು ಮಾಡಿ. ಸಾಮಾನ್ಯವಾಗಿ ಮೊದಲ ಸುತ್ತಿನ ಸರಿ ಉತ್ತರಕ್ಕೆ 1 ಪಾಯಿಂಟ್, ಆಮೇಲೆ 2, 4, 8, 16, ಚಾಂಪಿಯನ್‌ಗೆ 32. ಮೊದಲ ಸುತ್ತಿನಲ್ಲಿ 32 ಪಂದ್ಯ. ಅಂದರೆ ಚಾಂಪಿಯನ್ ಒಬ್ಬರನ್ನು ಸರಿಯಾಗಿ ಹೇಳಿದರೆ ಇಡೀ ಮೊದಲ ಸುತ್ತಿನಷ್ಟು ಪಾಯಿಂಟ್. ಆದ್ದರಿಂದ ಮೊದಲು ಚಾಂಪಿಯನ್, ಆಮೇಲೆ ಫೈನಲ್‌ನ ಇನ್ನೊಂದು ತಂಡ, ಆಮೇಲೆ ಫೈನಲ್ ಫೋರ್, ಅಂದರೆ ಸೆಮಿಫೈನಲ್‌ನ ನಾಲ್ಕು ತಂಡ, ಹೀಗೆ ಹಿಂದಕ್ಕೆ ಬನ್ನಿ.

ಚಾಂಪಿಯನ್‌ಗೆ 1ನೇ ಸೀಡ್‌ಗಳಲ್ಲೇ ಒಂದನ್ನು ಹಿಡಿಯುವುದು ಜಾಣತನ. 1985ರಿಂದ ಅರ್ಧಕ್ಕಿಂತ ಜಾಸ್ತಿ ಸಲ ಅವರೇ ಗೆದ್ದಿದ್ದಾರೆ. 2025ರಲ್ಲಂತೂ ಫೈನಲ್ ಫೋರ್‌ಗೆ ನಾಲ್ಕೂ 1ನೇ ಸೀಡ್‌ಗಳೇ ಬಂದವು, ಫ್ಲಾರಿಡಾ ಹ್ಯೂಸ್ಟನ್ನನ್ನು 65-63ಕ್ಕೆ ಸೋಲಿಸಿ ಕಪ್ ತಗೊಂಡಿತು. ಗೆದ್ದವರಲ್ಲಿ ಅತಿ ಕೆಳಗಿನ ಸೀಡ್ 1985ರ ವಿಲನೋವಾ, 8ನೇದು. ವಿಚಿತ್ರ ಅಂದರೆ 7 ಗೆದ್ದಿದೆ, 6 ಗೆದ್ದಿದೆ, 2025ರವರೆಗೆ 5ನೇ ಸೀಡ್ ಮಾತ್ರ ಒಮ್ಮೆಯೂ ಗೆದ್ದಿಲ್ಲ.

ಮೊದಲ ಸುತ್ತಿನಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು 5-12, 6-11 ಜೋಡಿಗಳಲ್ಲಿ. 12ನೇ ಸೀಡ್ ಮೂರರಲ್ಲಿ ಒಂದು ಸಲ ಅಂತ ಹೇಳುವಷ್ಟು ಗೆಲ್ಲುತ್ತದೆ, ಹಾಗಾಗಿ ನಾಲ್ಕು ಜೋಡಿಯಲ್ಲಿ ಒಂದಾದರೂ 12 ಬರೆಯಿರಿ. 8-9 ನಾಣ್ಯ ಚಿಮ್ಮುವ ಆಟ, ಒಂದು ನಿಮಿಷವೂ ಹಾಳು ಮಾಡಬೇಡಿ. 16ನೇ ಸೀಡ್ ಬರೆಯಲೇಬೇಡಿ. ಪುರುಷರಲ್ಲಿ 2025ರವರೆಗೆ 1ನೇ ಸೀಡ್ ಮೊದಲ ಸುತ್ತಿನಲ್ಲಿ ಸೋತದ್ದು ಎರಡೇ ಸಲ: 2018ರಲ್ಲಿ ಯುಎಂಬಿಸಿ ಅನ್ನುವ ಕಾಲೇಜು ವರ್ಜೀನಿಯಾವನ್ನು 74-54ಕ್ಕೆ ಉರುಳಿಸಿತು, 2023ರಲ್ಲಿ ಫೇರ್ಲಿ ಡಿಕಿನ್ಸನ್ ಪರ್ಡೂವನ್ನು 63-58ಕ್ಕೆ. ಅವಮಾನ ನುಂಗಿದ ವರ್ಜೀನಿಯಾ ಮರುವರ್ಷ ಕಪ್ಪನ್ನೇ ಗೆದ್ದಿತು. ಅಂದಹಾಗೆ ಈ ಸಾಧನೆ ಮೊದಲು ಮಾಡಿದವರು ಹುಡುಗಿಯರು. 1998ರಲ್ಲೇ ಹಾರ್ವರ್ಡ್ ಮಹಿಳಾ ತಂಡ ಸ್ಟ್ಯಾನ್‌ಫರ್ಡನ್ನು ಸೋಲಿಸಿತ್ತು.

ಕೊನೆಯ ಸಲಹೆ: ನಿಮ್ಮ ತಂಡವನ್ನು ತುಂಬಾ ದೂರ ಕಳಿಸಬೇಡಿ. ನಾನು ಈ ಸಲಹೆ ಪಾಲಿಸಿ ಕೆಟ್ಟೆ. 2024ರಲ್ಲಿ ಎನ್‌ಸಿ ಸ್ಟೇಟ್ ರೆಗ್ಯುಲರ್ ಸೀಸನ್ ಮುಗಿಸಿದ್ದು 17 ಗೆದ್ದು 14 ಸೋತು, ಕೊನೆಯ ನಾಲ್ಕೂ ಸೋಲೇ. ಎಸಿಸಿ ಟೂರ್ನಿಯಲ್ಲಿ ಮಂಗಳವಾರದಿಂದ ಶನಿವಾರ ಐದು ದಿನಕ್ಕೆ ಐದು ಪಂದ್ಯ ಗೆಲ್ಲಬೇಕಿತ್ತು. ಲೂಯಿವಿಲ್, ಸಿರಾಕ್ಯೂಸ್, ಡ್ಯೂಕ್, ವರ್ಜೀನಿಯಾ, ಕೊನೆಗೆ ಚಾಪೆಲ್ ಹಿಲ್. ಗೆದ್ದೇಬಿಟ್ಟರು. ಆಗ ಸಿಕ್ಕಿದ್ದು 11ನೇ ಸೀಡ್. ಐದು ದಿನ ಆಡಿ ಸುಸ್ತಾಗಿದ್ದಾರೆ, ಮೊದಲ ಸುತ್ತಿನಲ್ಲೇ ಬೀಳುತ್ತಾರೆ ಅಂತ ಬರೆದೆ. ಅವರು ಟೆಕ್ಸಸ್ ಟೆಕ್, ಓಕ್ಲಂಡ್ (ಇದು ಕ್ಯಾಲಿಫೋರ್ನಿಯಾದ್ದಲ್ಲ, ಮಿಷಿಗನ್‌ನ ಕಾಲೇಜು), ಮಾರ್ಕೆಟ್ (ಇದೂ ಕಾಲೇಜಿನ ಹೆಸರೇ), ಮತ್ತೆ ಡ್ಯೂಕ್, ಎಲ್ಲರನ್ನೂ ಕೆಡವಿ ಫೈನಲ್ ಫೋರ್‌ಗೆ ಹೋದರು. ಮಹಿಳಾ ತಂಡವೂ ಅದೇ ವರ್ಷ ಫೈನಲ್ ಫೋರ್‌ಗೆ ಹೋಯಿತು. ಪೈಪೋಟಿಯಲ್ಲಿ ನನಗೆ ಕೊನೆಯ ಸ್ಥಾನ. ಅಷ್ಟು ಖುಷಿಯಿಂದ ನಾನು ಯಾವತ್ತೂ ಸೋತಿಲ್ಲ.

ಹೆಜ್ಜೆ 7: ಊರಿನಿಂದ ನೋಡುವವರಿಗೆ

ಸಮಯದ ಲೆಕ್ಕ ಒಂದು ಸಲ ಬರೆದು ಫ್ರಿಜ್ ಮೇಲೆ ಅಂಟಿಸಿ. ಚಳಿಗಾಲದಲ್ಲಿ ಇಲ್ಲಿ ರಾತ್ರಿ 9 ಅಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 7:30. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ಅದೇ 9 ಗಂಟೆ ನಿಮಗೆ 6:30. ಟೂರ್ನಿಯ ಮೊದಲ ಗುರುವಾರ, ಶುಕ್ರವಾರ ಇಲ್ಲಿ ಮಧ್ಯಾಹ್ನವೇ ಆಟ ಶುರು, ಅಲ್ಲಿ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ಊಟ ಮುಗಿಸಿ ಎರಡು ಪಂದ್ಯ ನೋಡಿ ಮಲಗಬಹುದು. ಮೈಸೂರಿನ ನನ್ನ ತಮ್ಮ ಫೈನಲ್ ನೋಡುವುದು ಮಂಗಳವಾರ ಬೆಳಿಗ್ಗೆ, ಕಾಫಿ ಲೋಟ ಹಿಡಿದು. ಎರಡನೇ ಅರ್ಧದ ಹೊತ್ತಿಗೆ ಮಕ್ಕಳ ಸ್ಕೂಲ್ ವ್ಯಾನ್ ಬರುತ್ತದೆ. ಕೊನೆಯ ನಾಲ್ಕು ನಿಮಿಷ ಅವನು ಗೇಟಿನ ಹತ್ತಿರ ಫೋನಿನಲ್ಲಿ ನೋಡುತ್ತಾನೆ.

ಹೆಜ್ಜೆ 8: ಬೇಸಿಗೆಯಲ್ಲಿ ತಂಡ ಕಳೆದುಕೊಳ್ಳಬೇಡಿ

ಏಪ್ರಿಲ್‌ನಲ್ಲಿ ಫೈನಲ್ ಆದ ಮೇಲೆ ಈಗಿನ ಕಾಲದಲ್ಲಿ ಇನ್ನೊಂದು ಆಟ ನಡೆಯುತ್ತದೆ. ಟ್ರಾನ್ಸ್‌ಫರ್ ಪೋರ್ಟಲ್ ಅಂತ ಒಂದು ಪಟ್ಟಿ ಇದೆ, 2018ರಿಂದ. ಕಾಲೇಜು ಬದಲಿಸಬೇಕು ಅನ್ನುವ ಆಟಗಾರ ಅದರಲ್ಲಿ ಹೆಸರು ಹಾಕುತ್ತಾನೆ, ಬೇರೆ ಕೋಚ್‌ಗಳು ಕರೆಯುತ್ತಾರೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಿಂದ ದುಡಿಯಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. ನಾಲ್ಕು ವರ್ಷ ಒಂದೇ ಅಂಗಿ ಹಾಕುವ ಹುಡುಗರು ಕಡಿಮೆಯಾಗಿದ್ದಾರೆ. ಹಳೆಯ ಅಭಿಮಾನಿಗಳು ಗೊಣಗುತ್ತಾರೆ. ನನಗೂ ಬೇಜಾರಿದೆ. ಆದರೆ ಇಷ್ಟು ವರ್ಷ ಕೋಚ್‌ಗಳು ಲಕ್ಷಾಂತರ ಡಾಲರ್ ತಗೊಂಡು ಊರು ಬದಲಿಸುತ್ತಿದ್ದಾಗ ಯಾರೂ ಗೊಣಗಲಿಲ್ಲ, ಅಲ್ವಾ?

ನಮ್ಮ ಮೇಲೂ ಬಿತ್ತು ಏಟು. ಫೈನಲ್ ಫೋರ್ ಆಡಿದ ಮರುಸೀಸನ್ನಲ್ಲಿ ಎನ್‌ಸಿ ಸ್ಟೇಟ್ 12 ಗೆದ್ದು 19 ಸೋತಿತು. ಎಸಿಸಿ ಟೂರ್ನಿಗೆ 18ರಲ್ಲಿ 15 ತಂಡಕ್ಕೆ ಪ್ರವೇಶ ಇತ್ತು, ಆ ಹದಿನೈದರಲ್ಲೂ ನಮ್ಮ ಹೆಸರಿರಲಿಲ್ಲ. ಹಿಂದಿನ ವರ್ಷ ಎಸಿಸಿ ಕಪ್ ಎತ್ತಿದವರು ಆ ವಾರ ಮನೆಯಲ್ಲಿದ್ದರು. 2025ರ ಮಾರ್ಚ್‌ನಲ್ಲಿ ಕೋಚ್ ಕೆಲಸ ಹೋಯಿತು.

ಬೇಸಿಗೆಯಲ್ಲಿ ಮಾಡಬೇಕಾದ್ದು ಇಷ್ಟು. ತಿಂಗಳಿಗೆ ಒಂದು ಸಲ ಯಾರು ಹೋದರು, ಯಾರು ಬಂದರು ಅಂತ ನೋಡಿ. ಹೋದವರ ಹೆಸರಿನ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ, ಬಂದವರನ್ನು ಊರು, ಹಿಂದಿನ ಕಾಲೇಜಿನ ಸಮೇತ ಕೆಳಗೆ ಬರೆಯಿರಿ. ಹಳೆಯ ಪಂದ್ಯಗಳನ್ನೂ ಈಗ ನೋಡಿ. ನಮ್ಮವರು ಶುರು ಮಾಡುವುದು 1983ರ ಫೈನಲ್‌ನಿಂದ. ಹ್ಯೂಸ್ಟನ್ ವಿರುದ್ಧ ಸ್ಕೋರ್ 52-52, ಕೊನೆಯ ಕ್ಷಣ. ಡೆರೆಕ್ ವಿಟನ್‌ಬರ್ಗ್ ಬಹಳ ದೂರದಿಂದ ಎಸೆದ ಚೆಂಡು ರಿಂಗಿನವರೆಗೂ ಹೋಗುವುದಿಲ್ಲ. ಕೆಳಗಿದ್ದ ಲೊರೆಂಜೊ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕುತ್ತಾನೆ. 54-52. ಕೋಚ್ ಜಿಮ್ ವಲ್ವಾನೊ ಅಪ್ಪಿಕೊಳ್ಳಲು ಯಾರಾದರೂ ಸಿಗುತ್ತಾರಾ ಅಂತ ಅಂಗಳದ ತುಂಬ ಓಡುತ್ತಾರೆ, ಯಾರೂ ಸಿಗುವುದಿಲ್ಲ. ಅದನ್ನು ನೋಡುವಾಗ ಪುಸ್ತಕ ಪಕ್ಕಕ್ಕಿಡಿ.

ಅಕ್ಟೋಬರ್ ಕೊನೆಯ ಹೊತ್ತಿಗೆ ನೋಟ್‌ಬುಕ್ಕಿನ ಆ ಪುಟದಲ್ಲಿ ಗೆರೆ ಬೀಳದ ಹಳೆಯ ಹೆಸರು ಎರಡೋ ಮೂರೋ ಉಳಿದಿರುತ್ತವೆ. ನವೆಂಬರ್‌ನ ಮೊದಲ ಪಂದ್ಯ ಯಾವುದೋ ಸಣ್ಣ ಕಾಲೇಜಿನ ಜೊತೆ ಇರುತ್ತದೆ. ಆ ಉಳಿದವರಲ್ಲಿ ಒಬ್ಬನನ್ನು ಹಿಡಿದು ಮೊದಲ ನಾಲ್ಕು ನಿಮಿಷ ಅವನನ್ನೇ ನೋಡಿ.